ದವಡೆಗಡ್ಡೆಯ ಬಣ್ಣ

ಮನೆ ಬಿಟ್ಟುಹೋದ ಗಂಡನ ಊಟ ನೋಡಲು ತುಂಗವ್ವ ಪ್ರತಿ ಸೋಮವಾರ ಆಸ್ಪತ್ರೆಯ ಲ್ಯಾಬಿಗೆ ಬರುತ್ತಾಳೆ. ಅವನು ಮನೆ ಬಿಡುವ ಮುನ್ನ ಅವನ ದವಡೆಯಿಂದ ತೆಗೆದ ನಿರಪಾಯದ ಗಡ್ಡೆಯ ತೆಳು ಚೂರೊಂದು ಅಲ್ಲಿ ಗಾಜಿನ ಮೇಲಿದೆ. ಪರೀಕ್ಷೆಗೆಂದು ಬಣ್ಣ ಕುಡಿಸಿದ ಎಲ್ಲ ಚೂರುಗಳಂತೆ ಅದೂ, ತನ್ನ ಒಡೆಯ ಎಲ್ಲೇ ಕೂತು ಅಗಿದರೂ ಇಲ್ಲಿ ರಂಗೇರುತ್ತದೆ; ತುತ್ತು ಗಟ್ಟಿಯಾದಷ್ಟೂ ಬಣ್ಣ ಗಾಢ.

“ಊಟ ಆತೇನ್ರೀ ಅವರದು?”

“ಈಗ ಕುಂತಾರ, ನೋಡ್ರಿ,” ಎಂದು ಟೆಕ್ನಿಷಿಯನ್ ಶಾಕಿರಾ ಸೂಕ್ಷ್ಮದರ್ಶಕ ಬಿಟ್ಟುಕೊಟ್ಟಳು.

ಯಾವಾಗಲೂ ತಿಳಿಗುಲಾಬಿ ಇರುತ್ತಿದ್ದದ್ದು ಇವತ್ತು ಕಡುನೇರಳೆ.

“ಇದ್ಯಾಕ ಹಿಂಗ?”

“ಏನೋ ಗಟ್ಟೀದು ಅಗಿಯಾಕತ್ತಾರ.”

ತುಂಗವ್ವ ಮತ್ತೊಮ್ಮೆ ಬಗ್ಗಿ ನೋಡಿದಳು. “ಎಂಟು ವರ್ಷ ಬರೇ ಅನ್ನ ಉಂಡಾರ. ಇದು ಖಡಕ್ ರೊಟ್ಟಿ. ನಮ್ಮ ಕಡೆ ಬಂದಾರ.”

ಅವನ ಜೊತೆಗೇ ಉಣ್ಣಲೆಂದು ಬಿಚ್ಚಿದ್ದ ಬುತ್ತಿಯನ್ನು ಮತ್ತೆ ಕಟ್ಟಿದಳು.

“ಉಣ್ಣಂಗಿಲ್ಲೇನ್ರಿ?”

“ಮನೀಗೆ ಹೋಗ್ತೀನ್ರಿ. ಬಾಗಲಕ್ಕ ಕೀಲಿ ಹಾಕಿ ಬಂದೀನಿ.”