ಗಂಟೆಗೋಪುರದ ಕುಟ್ಟೆಹುಳು

ಆರನೆಯ ಕಾಗದದಲ್ಲೂ ತೂತು ಬಿದ್ದಿತ್ತು. ಡೆಸ್ಮಂಡ್ ಯಾಕ್ಸ್ಲಿ ಟಾರ್ಚು ಹಿಡಿದು, ಚರ್ಚಿನ ಗಂಟೆಗಳನ್ನು ಹೊತ್ತ ಓಕ್ ತೊಲೆಯ ಪಕ್ಕ ಮಂಡಿಯೂರಿ, ಬಹಳ ಹೊತ್ತು ನೋಡಿದ.

ಮರದ ಹುಳು ಪತ್ತೆ ಮಾಡುವುದೇ ಅವನ ಕಸುಬು. ಮಾರ್ಚಿನಲ್ಲಿ ಅವನೇ ಬಂದು, ತೊಲೆಗಳ ಹಳೆಯ ತೂತುಗಳ ಮೇಲೆ ಆರು ಕಡೆ ಕಾಗದ ಅಂಟಿಸಿ ಹೋಗಿದ್ದ. ಒಳಗೆ ಹುಳು ಬದುಕಿದ್ದರೆ ಬೇಸಿಗೆಯಲ್ಲಿ ಕಾಗದ ಕೊರೆದು ಹೊರಬರುತ್ತದೆ. ಬಂದಿತೋ, ತೊಲೆಗಳಿಗೆಲ್ಲ ಔಷಧಿ ಬಳಿಯಬೇಕು. ವರ್ಷವಿಡೀ ಗಂಟೆ ಮುಟ್ಟುವಂತಿಲ್ಲ.

ಕೆಳಗೆ ಹಗ್ಗಗಳ ಕೋಣೆಯಲ್ಲಿ ಗಂಟೆ ಬಾರಿಸುವ ಆರು ಮಂದಿ ಕಾಯುತ್ತಿದ್ದರು. ನಾಯಕಿ ವಿನಿಫ್ರೆಡ್ ಥ್ರೇಲ್‌ಗೆ ಎಪ್ಪತ್ತೆರಡು. ಉಳಿದ ಐವರೂ ಅವಳ ಆಸುಪಾಸಿನವರೇ. ಬರುವ ಶನಿವಾರ ಪಂಥ: ಮೂರು ತಾಸು, ಒಂದೇ ಸಮ, ನಿಂತಲ್ಲೇ ನಿಂತು ಹಗ್ಗ ಎಳೆಯಬೇಕು. ನಡುವೆ ಒಬ್ಬರು ಬಚ್ಚಲಿಗೆ ಹೋದರೂ ಎಲ್ಲ ನೀರಿನಲ್ಲಿ ಹೋಮ. ಪಕ್ಕದ ಊರಿನವರು ಜೂನಿನಲ್ಲಿ ಬಾರಿಸಿ ಬೀಗಿದ ಮಾರನೆಯ ದಿನವೇ ವಿನಿಫ್ರೆಡ್ ಇದನ್ನು ಸಾರಿಬಿಟ್ಟಿದ್ದಳು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಸಫೋಕಿನ ಆ ಸೀಮೆಯ ಜನ ಪ್ರಾಣ ಬಿಟ್ಟಾರು, ತಮ್ಮಿಂದ ಆಗದು ಎಂದು ಬಾಯಿ ಬಿಡರು.

"ಹುಳ ಇದ್ಯಾ?" ಇಳಿದು ಬಂದವನನ್ನು ವಿನಿಫ್ರೆಡ್ ಕೇಳಿದಳು.

"ಆರೂ ಕಾಗದ ತೂತಾಗಿದೆ."

"ಛೆ, ಛೆ," ಎಂದರು ಐವರು. ಮಂಡಿನೋವಿನ ಕ್ಲೈವ್ ಬೆಂಚಿನ ಮೇಲೆ ಕುಸಿದು ಕೂತ.

"ಆದ್ರೆ ಹುಳ ಒಳಗಿಂದ ಹೊರಕ್ಕೆ ಕೊರೆಯತ್ತೆ. ಇಲ್ಲಿ ತೂತಿನ ಅಂಚು ಒಳಕ್ಕೆ ಮಡಚಿಕೊಂಡಿದೆ. ಯಾರೋ ಹೊರಗಿಂದ ಚುಚ್ಚಿದಾರೆ. ಹುಳ ಸತ್ತು ನೂರು ವರ್ಷ ಆಗಿರ್ಬೇಕು."

"ಗ್ರೆಶಮ್," ಎಂದಳು ವಿನಿಫ್ರೆಡ್. "ಎದುರುಮನೆ ಗ್ರೆಶಮ್‌ದೇ ಕೆಲಸ. ಗಂಟೆ ಸದ್ದಿಗೆ ತಲೆ ಸಿಡಿಯತ್ತೆ ಅಂತ ಪಾದ್ರಿಗೆ ಒಂಬತ್ತು ಅರ್ಜಿ ಹಾಕಿದಾನೆ."

"ಮಿಸೆಸ್ ಥ್ರೇಲ್, ಅವರು ಕೋಲೂರಿ ನಡೆಯೋರು. ಎಪ್ಪತ್ತು ಮೆಟ್ಟಿಲು ಹತ್ತಿಸಿದ್ರೆ ಇಳಿಸೋಕೆ ನಾಲ್ಕು ಜನ ಬೇಕು. ಅಲ್ದೆ ಬೀಗದ ಕೈ ಇರೋದು ನಿಮ್ಮ ಆರು ಜನರ ಹತ್ರ."

"ನಮ್ಮೋರೇ ಅಂತೀಯಾ? ಶನಿವಾರಕ್ಕೆ ಇವರೆಲ್ಲ ಹೇಗೆ ತುದಿಗಾಲಲ್ಲಿ ನಿಂತಿದಾರೆ, ಗೊತ್ತೇನಪ್ಪಾ ನಿಂಗೆ?"

ಐವರೂ ಹೌದೌದೆಂದು ತಲೆಯಾಡಿಸಿದರು. ಕ್ಲೈವ್ ಕೂತಲ್ಲಿಂದಲೇ ಆಡಿಸಿದ.

"ಒಂದು ತೂತು ಸೂಜಿಯಷ್ಟಿದೆ. ಇನ್ನೊಂದರಲ್ಲಿ ಪೆನ್ಸಿಲ್ ತೂರತ್ತೆ."

"ಒಂದೊಂದಕ್ಕೆ ಒಂದೊಂದು ಆಯುಧ. ಘಾಟಿ ಕಳ್ಳ," ಎಂದಳು ವಿನಿಫ್ರೆಡ್.

ಡೆಸ್ಮಂಡ್‌ಗೆ ನಗು ಬಂತು, ನುಂಗಿಕೊಂಡ. ಅಪರಾಧಿ ಕ್ಲೈವನೇ ಎಂದು ಅವನಿಗೆ ಖಾತ್ರಿಯಾಗಿತ್ತು. ಪಾಪ ಅನ್ನಿಸಿತು.

"ವರದಿ ಇನ್ನೂ ಬರೆದಿಲ್ಲ. ಎಲ್ಲರೂ ಕಣ್ಣು ಮುಚ್ಚಿ. ಚುಚ್ಚಿದೋರು ಸುಮ್ನೆ ಕೈ ಎತ್ತಿ. ಒಂದೇ ಒಂದು ಕೈ ಎದ್ರೂ ಸಾಕು, ಹುಳ ಇದೆ ಅಂತ ಬರೆದುಬಿಡ್ತೀನಿ. ಶನಿವಾರ ರದ್ದು. ಹೆಸರು ಸತ್ತರೂ ಹೇಳಲ್ಲ."

"ಯಾರೂ ಎತ್ತಲ್ಲ, ನೋಡ್ತಿರು," ಎಂದು ವಿನಿಫ್ರೆಡ್ ತನ್ನವರತ್ತ ತಿರುಗಿ ಗದರಿದಳು. "ಮುಚ್ಚಿ ಕಣ್ಣು. ಬಿಗಿಯಾಗಿ. ಯಾರಾದ್ರೂ ಕದ್ದು ನೋಡಿದ್ರೆ ನನ್ನಷ್ಟು ಕೆಟ್ಟೋಳಿಲ್ಲ."

ಎಲ್ಲರೂ ಮುಚ್ಚಿದರು.

ಆರೂ ಕೈ ಮೇಲೆದ್ದವು. ಎಲ್ಲಕ್ಕಿಂತ ಮೊದಲು ಎದ್ದದ್ದು ವಿನಿಫ್ರೆಡ್‌ಳದು.