ಗುಬ್ಬಿಗೂಡಿನ ಕೂದಲು

ಹರಳೆಣ್ಣೆಯ ವಾಸನೆ ಬಂದರೆ ಸಾಕು, ಸಖರಾಯಪಟ್ಟಣದ ಅಜ್ಜಿಮನೆಯ ಮಧ್ಯಾಹ್ನವೊಂದು ಈಗಲೂ ಕಣ್ಣಿಗೆ ಕಟ್ಟುತ್ತದೆ.

ಎಲ್ಲರ ಎಂಜಲು ಬಳಿದು, ಪಾತ್ರೆ ತೊಳೆದು ಮುಗಿಸಿದ ಅತ್ತೆ, ಅಂದರೆ ಸೋದರಮಾವನ ಹೆಂಡತಿ, ಹಿತ್ತಿಲಲ್ಲಿ ನನಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದರು. ತಲೆನೋವೆಂದು ಅವರ ಹಣೆಗೆ ಸದಾ ಒಂದು ಬಟ್ಟೆ ಬಿಗಿದಿರುತ್ತಿತ್ತು; ಅದನ್ನು ಕಂಡೇ ಅಜ್ಜಿ ಮಧ್ಯಾಹ್ನ ಒಂದಿಷ್ಟು ಹೊತ್ತು ಅವರಿಗೆ ಬಿಡುವು ಕೊಡುತ್ತಿದ್ದಳು. ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗನ ಗೂಡುಗಳು ತೂಗಾಡುತ್ತಿದ್ದವು.

“ನೀರಿನ ಮೇಲ್ಯಾಕೆ ಕಟ್ತಾವೆ, ಅತ್ತೆ?”

“ಹಾವು ಬರ್ದಿರ್ಲಿ ಅಂತ ಕಣೇ. ಗಂಡು ಅರ್ಧ ಹೆಣೀತದೆ, ಹೆಣ್ಣು ನೋಡಿ ಒಪ್ಪಿದ್ರೇನೇ ಪೂರ್ತಿ ಮಾಡೋದು.”

“ಗುಬ್ಬಿ?”

“ಅದು ನಮ್ಮಂಗೆ. ಸಿಕ್ಕಿದ್ ಸಂದೀಲಿ ಹುಲ್ಲು, ದಾರ, ಕೂದ್ಲು ತುರುಕ್ಕೊಂಡು ಇದ್ಬಿಡ್ತದೆ.”

ಉದುರಿದ ಕೂದಲು ಹಕ್ಕಿಗೂಡು ಸೇರಿದರೆ ತಲೆನೋವು ಬಿಡುವುದಿಲ್ಲ, ಅತ್ತೆಗೂ ಹಾಗೇ ಆಗಿದೆ ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಜಗಲಿಕಟ್ಟೆ ಹತ್ತಿ, ಮರಿಗಳು ಹಾರಿಹೋಗಿದ್ದ ಗುಬ್ಬಿಗೂಡನ್ನು ಸೂರಿನಿಂದ ಇಳಿಸಿ ಎಳೆ ಎಳೆಯಾಗಿ ಬಿಡಿಸಿದೆ. ಹುಲ್ಲು, ಗೋಣಿನಾರು, ಪುಕ್ಕ.

“ಅತ್ತೆ, ನಿಮ್ ಕೂದ್ಲು ಒಂದೂ ಇಲ್ಲ!”

ಒಳಗಿಂದ ಅಜ್ಜಿ ಕಾಫಿ ಮಾಡಲು ಕೂಗಿದಳು. ಅತ್ತೆ ಹಣೆಯ ಬಟ್ಟೆಯನ್ನು ಇನ್ನಷ್ಟು ಬಿಗಿದುಕೊಂಡು ಎದ್ದರು.

“ನಿಮ್ಮಜ್ಜಿಗೆ ಹೇಳ್ಬೇಡ ಕಣೇ,” ಎಂದರು. “ಅದ್ರಲ್ಲೇ ಇತ್ತು ಅನ್ನು.”