ಹೊಡೆಯುವವರು ಬೇಕಾಗಿದ್ದಾರೆ

"ಗೋಲ್‌ಕೀಪರುಗಳೇನೋ ಇಬ್ಬರೂ ಬಂದಿದ್ದಾರೆ. ಗೋಲು ಹೊಡೆಯೋವ್ರೇ ಇಲ್ಲವಲ್ಲ!" ಎಂದು ಓರೆಸ್ಟ್ ನಾಟಿಯುಕ್ ಅಂಕಪಟ್ಟಿಯಿಂದ ತಲೆಯೆತ್ತಿದ.

ಹಿಂದಿನ ಸಂಜೆ ಯಾರದೋ ಹುಟ್ಟುಹಬ್ಬದಲ್ಲಿ ಕೋಳಿ ತಿಂದ ತಂಡದ ಹನ್ನೊಂದು ಹುಡುಗರು ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಬೆಳಿಗ್ಗೆ ಆಯ್ಕೆ ಇದೆಯೆಂದು ಮನೆಯಲ್ಲೇ ಉಳಿದು ಬಚಾವಾದ ಎಮೆಟ್ ಮತ್ತು ಜೋಸಿ ಮಾತ್ರ ಕಾಲಿಗೆ ದಪ್ಪ ದಿಂಬುಗಳನ್ನು ಕಟ್ಟಿಕೊಂಡು, ಮುಖಕ್ಕೆ ಜಾಲರಿ ಇಳಿಸಿಕೊಂಡು, ಮಂಜುಗಡ್ಡೆಯ ಅಂಗಳದ ಎರಡು ತುದಿಗಳಲ್ಲಿ ಬಲೆಗಳ ಮುಂದೆ ದ್ವಾರಪಾಲಕರ ಹಾಗೆ ನಿಂತಿದ್ದರು. ಇಬ್ಬರಿಗೂ ಹತ್ತು ವರ್ಷ. ಊರಿನ ಎರಡು ಐಸ್ ಹಾಕಿ ತಂಡಗಳ ಪೈಕಿ ಮೊದಲನೆಯದರಲ್ಲಿ ಇದ್ದದ್ದು ಒಂದೇ ಗೋಲ್‌ಕೀಪರ್ ಜಾಗ. ಮಧ್ಯಾಹ್ನದೊಳಗೆ ಓರೆಸ್ಟ್ ಅಂಕ ಹಾಕಿ ಮುಗಿಸಬೇಕಿತ್ತು. ತಾನೂ ಒಂದು ಕಾಲದ ಗೋಲ್‌ಕೀಪರ್. ಮುಂದಿನ ಮೂರು ಹಲ್ಲು ಕಟ್ಟಿಸಿದ್ದು. ಮೂವತ್ತು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದವನಿಗೆ ಮಕ್ಕಳೂ ಗೊತ್ತು, ಮಕ್ಕಳ ಹೆತ್ತವರೂ ಗೊತ್ತು.

ಗಾಜಿನಾಚೆ ಕಾಫಿ ಹೀರುತ್ತಿದ್ದ ಇಬ್ಬರ ಮೇಲೆ ಅವನ ಕಣ್ಣು ಬಿತ್ತು. ಎಮೆಟ್‌ನ ತಾಯಿ ಡಾರ್ಲೀನ್, ಜೋಸಿಯ ತಂದೆ ಜಿಲ್ಬೇರ್.

"ಬನ್ನಿ ಇಬ್ಬರೂ. ನೀವೇ ಹೊಡೀರಿ, ಹತ್ತತ್ತು. ಆದ್ರೆ ಅವರವರ ಮಕ್ಕಳಿಗಲ್ಲ. ಅವಳ ಮಗನಿಗೆ ಇವನು, ಇವನ ಮಗಳಿಗೆ ಅವಳು."

ಡಾರ್ಲೀನಳ ಮುಖ ಅರಳಿತು. ಕಾಲೇಜು ತಂಡದಲ್ಲಿ ಆಡಿದ ಹೆಂಗಸು. ಸ್ಕೇಟ್ಸ್ ಕಟ್ಟಿ, ಕೋಲು ಹಿಡಿದು, ಕಪ್ಪು ರಬ್ಬರಿನ ಬಿಲ್ಲೆಗಳನ್ನು ಸಾಲಾಗಿಟ್ಟುಕೊಂಡು ಬೀಸತೊಡಗಿದಳು. ಜೋಸಿ ಒಂದನ್ನು ಮಂಡಿಯಲ್ಲಿ ತಡೆದಳು, ಒಂದನ್ನು ಮೊಣಕೈಯಲ್ಲಿ. ಇನ್ನೊಂದಕ್ಕೆ ಜಾರಿ ಬೋರಲು ಬಿದ್ದವಳು ಕುಂಡೆಯಿಂದಲೇ ತಡೆದಳು. ಓರೆಸ್ಟನ ಪೆನ್ಸಿಲ್ಲಿಗೆ ಬಿಡುವೇ ಇಲ್ಲ. ಹತ್ತರಲ್ಲಿ ಎಂಟು!

"ಇನ್ನೊಂದ್ ಹತ್ತು ಹೊಡೀತೀನಿ," ಎಂದಳು ಡಾರ್ಲೀನ್ ಬೆವರೊರೆಸಿಕೊಳ್ಳುತ್ತ.

"ಅಯ್ಯೋ ಮಹರಾಯ್ತಿ, ನೀನು ಜೋರಾಗಿ ಹೊಡೆದಷ್ಟೂ ಅವಳಿಗೇ ಅಂಕ ಜಾಸ್ತಿಯಾಗ್ತಿದೆ ಕಣೇ!" ಎಂದ ಓರೆಸ್ಟ್.

ಇನ್ನೊಂದು ತುದಿಯಲ್ಲಿ ಜಿಲ್ಬೇರ್‌ನ ಪಾಡು ಬೇರೆ. ಪಿಯಾನೋಗಳ ಶ್ರುತಿ ಸರಿಮಾಡಿ ಬದುಕುವ ಆ ಮನುಷ್ಯ ಹುಟ್ಟಿದಾರಭ್ಯ ಸ್ಕೇಟ್ಸ್ ಕಟ್ಟಿದವನಲ್ಲ. ರಬ್ಬರ್ ಬೂಟಿನಲ್ಲೇ ಗೋಡೆ ಹಿಡಿದು ಹಿಡಿದು ಬಂದಿದ್ದ. ಅವನು ಹೊಡೆದ ಬಿಲ್ಲೆಗಳಲ್ಲಿ ನಾಲ್ಕು ಮೂಲೆ ಸೇರಿದವು, ಐದು ಅರ್ಧ ದಾರಿಯಲ್ಲೇ ನಿಂತವು, ಕೊನೆಯದು ಅದು ಹೇಗೋ ಅವನ ಬೆನ್ನಹಿಂದೆಯೇ ಹೋಯಿತು. ಕಾದು ಕಾದು ಎಮೆಟ್ ಗೋಲುಕಂಬಕ್ಕೆ ಒರಗಿಬಿಟ್ಟಿದ್ದ.

"ಬೇಕಂತಲೇ ಮಾಡ್ತಿದಾನೆ ಈ ಮನುಷ್ಯ!" ಡಾರ್ಲೀನ್ ಕೂಗಿದಳು.

"ದೇವರಾಣೆಗೂ ಇಲ್ಲ ತಾಯಿ! ನಾನು ಇಲ್ಲಿ ನಿಂತಿರೋದೇ ದೊಡ್ಡದು," ಎಂದ ಜಿಲ್ಬೇರ್, ಅಷ್ಟು ಹೇಳುವುದರೊಳಗೆ ದೊಪ್ಪನೆ ಕೂತ.

"ನನ್ನ ಮಗನ ಕಡೆ ಒಂದೂ ಬರಲಿಲ್ಲ ಓರೆಸ್ಟ್. ಬರದೇ ಇರೋದನ್ನ ಅವನು ಹೇಗೆ ತಡೀಬೇಕು, ನೀವೇ ಹೇಳಿ?"

"ನ್ಯಾಯವಾದ ಮಾತು. ಹಾಗಾದ್ರೆ ನೀನೇ ಹೊಡಿ."

ಡಾರ್ಲೀನ್ ಎರಡು ಹೊಡೆದಳು. ಎರಡೂ ಬಾಗಿನ ಕೊಟ್ಟ ಹಾಗೆ ನೆಟ್ಟಗೆ ಮಗನ ಕೈಗೇ ಹೋಗಿ ಕೂತವು. ಓರೆಸ್ಟ್ ಪೆನ್ಸಿಲ್ಲನ್ನು ಎತ್ತಲೇ ಇಲ್ಲ. ಎಮೆಟ್ ಮುಖದ ಜಾಲರಿ ಮೇಲೆತ್ತಿದ. ಕಿವಿಯವರೆಗೂ ಕೆಂಪಾಗಿತ್ತು.

"ಅಮ್ಮಾ, ಜೋಸಿಗೆ ಹೊಡೆದ್ಯಲ್ಲ, ಹಾಗೆ ಹೊಡಿ."

"ಮೂಗಿಗೆ ಬಡಿದ್ರೆ?"

"ಮತ್ತೆ ಇದನ್ನ ಯಾಕೆ ಕೊಡಿಸಿದ್ದು?" ಜಾಲರಿಯ ಮೇಲೆ ಟಕಟಕ ಬಡಿದು ತೋರಿಸಿದ.

ಆರು ವರ್ಷಗಳಿಂದ ಕಾರು ಶೆಡ್ಡಿನಲ್ಲಿ ಮಗನಿಗೆ ಟೆನಿಸ್ ಚೆಂಡು ಎಸೆದು ಎಸೆದು ಕಲಿಸಿದವಳು ಅವಳು. ಅದಕ್ಕಿಂತ ಗಟ್ಟಿಯಾದದ್ದು ಅವಳ ಕೈಯಿಂದ ಅವನ ಕಡೆಗೆ ಹೋಗಿರಲಿಲ್ಲ. ಸಹಾಯಕ್ಕೆಂಬಂತೆ ಓರೆಸ್ಟನನ್ನು ನೋಡಿದಳು. ಅವನು ಚಾವಣಿಯ ದೀಪಗಳನ್ನು ಎಣಿಸುತ್ತಿದ್ದ. ತುಟಿ ಕಚ್ಚಿ ಕೋಲು ಬೀಸಿದಳು. ಎಮೆಟ್‌ಗೆ ಗೊತ್ತಾಗುವುದರೊಳಗೆ ಬಿಲ್ಲೆ ಬಲೆಯಲ್ಲಿತ್ತು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ನಾಲ್ಕನೆಯದು ಭುಜಕ್ಕೆ ಬಡಿದು ಹುಡುಗ ಅಂಗಾತ ಬಿದ್ದ. ಅಲುಗಾಡಲಿಲ್ಲ.

ಡಾರ್ಲೀನ್ ಕೋಲು ಬಿಸಾಡಿ ಓಡಿದಳು. "ಎಮೆಟ್! ಮರಿ!"

"ತಡೆದೆ ಅಲ್ವಾ?" ಎಂದಿತು ಜಾಲರಿಯೊಳಗಿನ ದನಿ. "ಇನ್ನೊಂದು ಹೊಡಿಯಮ್ಮಾ!"

ಹತ್ತರಲ್ಲಿ ಅವನು ತಡೆದದ್ದು ಮೂರು. ಓರೆಸ್ಟ್ ಮೂರನ್ನೂ ಬರೆದುಕೊಂಡ.

ಭಾನುವಾರ ಬೆಳಿಗ್ಗೆ ಅಂಗಳದ ಬಾಗಿಲಿಗೆ ಪಟ್ಟಿ ಅಂಟಿಸಿದ್ದರು. ಮೊದಲನೇ ತಂಡ, ಗೋಲ್‌ಕೀಪರ್: ಜೋಸಿ ಲಾಫ್ರಾಂಬ್ವಾಜ್. ಗೊತ್ತಿದ್ದದ್ದೇ ಆದರೂ ಡಾರ್ಲೀನ್ ಮುಂದೆ ಓದದೆ ಹಿಂತಿರುಗಿದಳು. ಎಮೆಟ್ ಮಾತ್ರ ಬೆರಳಿಟ್ಟುಕೊಂಡು ಕೊನೆಯ ಸಾಲಿನವರೆಗೂ ಓದಿದ. ಅಲ್ಲಿ ಓರೆಸ್ಟನ ಸೊಟ್ಟ ಅಕ್ಷರದಲ್ಲಿ ಹೀಗಿತ್ತು: "ಮಂಗಳವಾರ, ಗುರುವಾರ ಅಭ್ಯಾಸಕ್ಕೆ ಬಿಲ್ಲೆ ಹೊಡೆಯುವವರು: ಡಾರ್ಲೀನ್ ಕೊವಾಲ್ಚುಕ್."

ಹುಡುಗ ತಾಯಿಯ ತೋಳು ಜಗ್ಗಿ, ಸುತ್ತ ನೆರೆದಿದ್ದವರಿಗೆಲ್ಲ ಕೇಳುವಂತೆ ಕೂಗಿದ:

"ಅಮ್ಮಾ, ನಾನು ಎರಡನೇ ಟೀಮು. ನೀನು ಸೆಲೆಕ್ಟ್ ಆಗಿದೀಯ!"